ಐದು ಹಾಕಿದ ಡಬ್ಬಿಯಲ್ಲಿ ಹದಿಮೂರು

"ಬಾ ಸತೀಶ. ಇವತ್ತು ನೀನು ಆ ಕಡೆ ಕುರ್ಚೀಲಿ ಕೂತ್ಕೊ. ರೋಗಿಗಳ ಕುರ್ಚೀಲಿ."

ಮಾತ್ರೆ ಹಂಚಿ ಲೆಕ್ಕ ಇಡುವ ಸತೀಶ್ ಕುಮಾರ್ ಬಾಗಿಲಲ್ಲೇ ನಿಂತ. ಒಂದು ಕೈಯಲ್ಲಿ ಹೆಲ್ಮೆಟ್ಟು, ಇನ್ನೊಂದರಲ್ಲಿ ಇಡ್ಲಿ ಪಾರ್ಸಲ್ಲು. ಚನ್ನಗಿರಿಯ ಹಾರ್ಡ್‌ವೇರ್ ಅಂಗಡಿಯ ಮೇಲಿರುವ ಈ ಔಷಧಿ ಪ್ರಯೋಗದ ಆಫೀಸಿಗೆ ಬೀಗದ ಕೈ ಎರಡೇ. ಒಂದು ಅವನದು, ಒಂದು ನನ್ನದು. ನಾನು ಎಂಟು ಗಂಟೆಗೇ ಬಂದು ಬಾಗಿಲು ತೆಗೆದು ಅವನ ಜಾಗದಲ್ಲಿ ಕೂತಿದ್ದೆ.

"ಏನ್ ಮೇಡಂ ಬೆಳಿಗ್ಗೆ ಬೆಳಿಗ್ಗೆ? ನಿಮ್ಮ ಫೋನ್ ಡ್ಯೂಟಿ ಶನಿವಾರ ಅಲ್ವಾ? ಇವತ್ತು ಶುಕ್ರವಾರ."

"ಗೊತ್ತೈತೆ. ವಾರ ತಿಥಿ ಎಲ್ಲಾ ಗೊತ್ತೈತೆ ನನಗೆ. ಕೂತ್ಕೊ."

ಕೂತ. ನಾನು ಚೀಲದಿಂದ ಒಂದು ಬಿಳಿ ಪ್ಲಾಸ್ಟಿಕ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ.

ಹನ್ನೊಂದು ದಿನದ ಹಿಂದೆ, ಶ್ರಾವಣ ಸೋಮವಾರ, ಹೊನ್ನಾಳಿಯ ಟೈಲರ್ ರುದ್ರಮುನಿ ಹೊಳೆಯ ಮೆಟ್ಟಿಲಿನಿಂದ ಉರುಳಿ ನೀರಿಗೆ ಬಿದ್ದು ಸತ್ತ. ಆ ಡಬ್ಬಿ ಅವನದು. 'ಮನೋರೋಗಿ, ಆತ್ಮಹತ್ಯೆ' ಎಂದು ಹೊನ್ನಾಳಿ ಠಾಣೆಯ ಸಬ್ ಇನ್‌ಸ್ಪೆಕ್ಟರ್ ಸಿದ್ದಲಿಂಗೇಶ್ ಎರಡು ಪದದಲ್ಲಿ ಅವನ ಕತೆ ಮುಗಿಸಿದ್ದ. ಕೊನೆಯ ವರದಿ ಇವತ್ತು ಸಂಜೆ ಐದಕ್ಕೆ ಠಾಣೆಯಿಂದ ಹೊರಡುತ್ತದೆ. ಆಮೇಲೆ ಆ ಎರಡು ಪದವನ್ನು ಅಳಿಸುವವರು ಯಾರೂ ಇಲ್ಲ.

"ಪೂಜೆಗೆ ನೀರು ತರಾಕೆ ಹೋಗಿದ್ರು ಮೇಡಂ. ಸಾಯೋರು ಬಿಂದಿಗೆ ಬೆಳಗ್ಕೊಂಡು ಹೋಗ್ತಾರಾ?" ಎಂದು ಅವನ ಹೆಂಡತಿ ನಿರ್ಮಲಮ್ಮ ಆ ಡಬ್ಬಿ ಕೊಟ್ಟು, ನನ್ನ ಕೈ ಹಿಡಿದು ಕೇಳಿದ್ದಳು. ಆ ಪ್ರಶ್ನೆಗೆ ಠಾಣೆಯಲ್ಲಿ ಯಾರೂ ಉತ್ತರ ಕೊಟ್ಟಿರಲಿಲ್ಲ.

ನನಗೂ ಉತ್ತರ ಬೇಕಿತ್ತು, ನನ್ನದೇ ಕಾರಣಕ್ಕೆ. ರುದ್ರಮುನಿಗೂ ನನಗೂ ಒಂದೇ ಕಾಯಿಲೆ. ಮನಸ್ಸು ಒಮ್ಮೆ ಆಕಾಶಕ್ಕೆ ಹಾರುತ್ತದೆ, ಆಮೇಲೆ ತಿಂಗಳುಗಟ್ಟಲೆ ಪಾತಾಳದಲ್ಲಿ ಬಿದ್ದಿರುತ್ತದೆ. ಡಾಕ್ಟರುಗಳು ಬೈಪೋಲಾರ್ ಎನ್ನುತ್ತಾರೆ. ಊರಿಗೆ ಅಷ್ಟು ಉದ್ದದ ಹೆಸರು ಯಾಕೆ, ಹುಚ್ಚು ಎಂದರೆ ಮುಗಿಯಿತು.

ಯಾವ ಮದ್ದಿಗೂ ಜಗ್ಗದೆ ಪಾತಾಳದಲ್ಲೇ ಉಳಿದುಬಿಟ್ಟ ಕೆಲವರ ಮೈ ಸಕ್ಕರೆಯನ್ನು ಸರಿಯಾಗಿ ಬಳಸಿಕೊಳ್ಳುವುದನ್ನು ಮರೆತಿರುತ್ತದಂತೆ. ಅದನ್ನು ಸರಿಪಡಿಸಿದರೆ ಮನಸ್ಸೂ ಮೇಲೇಳುತ್ತದೆಯೇ? ಇದನ್ನು ತಿಳಿಯಲೆಂದು ಸಕ್ಕರೆ ಕಾಯಿಲೆಯ ಒಂದು ಹಳೆಯ ಮಾತ್ರೆಯನ್ನು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ನಲವತ್ತು ಜನಕ್ಕೆ ಕೊಟ್ಟು ಪರೀಕ್ಷೆ ಮಾಡುತ್ತಿದ್ದಾರೆ. ಅರ್ಧ ಜನಕ್ಕೆ ಮದ್ದು, ಅರ್ಧ ಜನಕ್ಕೆ ನೋಡಲು ಹಾಗೆಯೇ ಇರುವ ಹಿಟ್ಟಿನ ಮಾತ್ರೆ. ಯಾರಿಗೆ ಯಾವುದು ಎಂದು ಡಾಕ್ಟರಿಗೂ ಗೊತ್ತಿಲ್ಲ.

ನಾನು ತಿನ್ನುತ್ತಿರುವುದು ಮದ್ದೋ ಹಿಟ್ಟೋ ನನಗೂ ಗೊತ್ತಿಲ್ಲ. ಒಂಬತ್ತು ವರ್ಷದ ಮೇಲೆ ನಾನು ಎದ್ದು ಕೂತಿದ್ದೇನೆ, ಅಷ್ಟು ಗೊತ್ತು. ರುದ್ರಮುನಿಯೂ ಎದ್ದು ಕೂತಿದ್ದ, ಮಷಿನ್ನಿಗೆ ಎಣ್ಣೆ ಬಿಟ್ಟು ಬ್ಲೌಸು ಹೊಲಿಯಲು ಶುರು ಮಾಡಿದ್ದ. ಅವನು ಎದ್ದಿದ್ದು ಸುಳ್ಳು ಎಂದು ಸರ್ಕಾರಿ ಕಾಗದದಲ್ಲಿ ಬರೆದರೆ ನಾನು ಎದ್ದಿದ್ದೂ ಸುಳ್ಳಾಗುತ್ತದೆ. ಅದಕ್ಕೆ ನಾನು ತಯಾರಿರಲಿಲ್ಲ.

"ಇದು ಯಾರ ಡಬ್ಬಿ?" ಎಂದೆ.

ಸತೀಶ ಚೀಟಿ ನೋಡಿದ. "ಹೊನ್ನಾಳಿ ಆರು. ರುದ್ರಮುನಿ ಅವರದು."

"ಆ ಚೀಟಿ ಅಂಚು ಎತ್ತು. ಬಿಸಿನೀರಿನ ಆವಿ ಹಿಡಿದು ಬಿಡಿಸಿದೀನಿ. ಕೆಳಗೆ ಇನ್ನೊಂದು ಐತಲ್ಲ, ಓದು."

ಅವನು ಓದಲಿಲ್ಲ. ನಾನೇ ಓದಿದೆ. "ಜಗಳೂರು ಒಂಬತ್ತು. ಬಿಳಿಚೋಡಿನ ಮಾಲಾಳ ನಂಬರು. ಮಾಲಾ ತಿಂದು ಮುಗಿಸಿ ವಾಪಸ್ ಕೊಟ್ಟ ಡಬ್ಬಿ ರುದ್ರಮುನಿ ಮನೆಗೆ ಹೆಂಗೆ ಹೋಯ್ತು?"

"ಪ್ರಿಂಟಿಂಗ್ ಮಿಸ್ಟೇಕ್ ಇರಬೇಕು ಮೇಡಂ."

"ಹಂಗಾದ್ರೆ ಒಳಗಿರೋದೂ ಪ್ರಿಂಟಿಂಗ್ ಮಿಸ್ಟೇಕಾ?"

ಮೇಜಿನ ಮೇಲೆ ಹಳೆಯ ಪೇಪರು ಹಾಸಿ ಡಬ್ಬಿ ಸುರಿದೆ. ದೊಡ್ಡ, ಉದ್ದುದ್ದ ಬಿಳಿ ಮಾತ್ರೆಗಳು ಒಂದಷ್ಟು. ಅವು ನಮ್ಮ ಪ್ರಯೋಗದವು. ಅವುಗಳ ನಡುವೆ ಸಣ್ಣ ದುಂಡನೆಯ ಬಿಳಿ ಮಾತ್ರೆಗಳು, ಮಧ್ಯೆ ಒಂದು ಗೀಟು. ಬೆರಳಲ್ಲಿ ಬೇರೆ ಮಾಡಿದೆ. ಸಣ್ಣವು ಹದಿಮೂರು.

ಸತೀಶ ನನ್ನ ಮುಖ ನೋಡಿದ. ಆಮೇಲೆ ಬಹಳ ಮೆತ್ತಗಿನ ದನಿ ತೆಗೆದ. ಈ ದನಿ ನನಗೆ ಒಂಬತ್ತು ವರ್ಷದಿಂದ ಪರಿಚಯ.

"ಮೇಡಂ, ಬೇಜಾರು ಮಾಡ್ಕೋಬ್ಯಾಡ್ರಿ. ಇತ್ತೀಚೆಗೆ ನಿದ್ದೆ ಸರಿ ಬರ್ತೈತಾ? ಊರೂರು ತಿರುಗ್ತಿದೀರಿ, ಚೀಟಿ ಬಿಡಿಸ್ತಿದೀರಿ, ಬೆಳಿಗ್ಗೇನೇ ಬಂದು ಕೂತಿದೀರಿ. ಡಾಕ್ಟರಿಗೊಂದು ಫೋನ್ ಮಾಡ್ಲಾ?"

ಮೈ ಉರಿಯಿತು. ನಾನು ಜೋರಾಗಿ ಮಾತಾಡಿದರೆ ಏರಿದೆ ಎನ್ನುತ್ತಾರೆ, ಮೆತ್ತಗೆ ಮಾತಾಡಿದರೆ ಇಳಿದಿದೆ ಎನ್ನುತ್ತಾರೆ. ಹುಷಾರಿರುವವರಿಗೆ ಮಾತ್ರ ಸಿಟ್ಟು ಮಾಡಿಕೊಳ್ಳುವ ಹಕ್ಕಿದೆ ಎಂದು ಯಾರು ಬರೆದಿಟ್ಟಿದ್ದಾರೋ ಕಾಣೆ.

ಚೀಲದಿಂದ ನನ್ನ ನೋಟ್‌ಬುಕ್ಕು ತೆಗೆದು ಅವನ ಮುಂದೆ ಎಸೆದೆ. ಪ್ರಯೋಗಕ್ಕೆ ಸೇರಿದವರೆಲ್ಲ ದಿನಾ ಬರೆಯುವ ಪುಸ್ತಕ ಅದು. ಮನಸ್ಸು ಹೇಗಿದೆ ಎಂದು ಹತ್ತರಲ್ಲಿ ಒಂದು ಅಂಕ, ಎಷ್ಟು ನಿದ್ದೆ, ಏನು ಮಾಡಿದೆ ಎಂದು ನಾಲ್ಕು ಸಾಲು.

"ನಿನ್ನೆ ನಿದ್ದೆ ಏಳು ಗಂಟೆ. ಅಂಕ ಆರು. ನೀನು ದಿನಾ ಬರೀತಿದ್ರೆ ನಿಂದೂ ತೋರಿಸು, ಹೋಲಿಸಿ ನೋಡಾನ. ಫೋನ್ ಮಾಡು ಡಾಕ್ಟರಿಗೆ. ಅವರ ಮುಂದೇನೇ ಈ ಡಬ್ಬಿ ಸುರೀತೀನಿ."

ಆಫೀಸಿನ ಮೊಬೈಲು ಮೇಜಿನ ಮೇಲೇ ಇತ್ತು. ಪ್ರತಿ ಶನಿವಾರ ನಾನು ಅದರಿಂದಲೇ ಎಲ್ಲರಿಗೂ ಫೋನು ಮಾಡಿ, ಮಾತ್ರೆ ತಗೊಂಡ್ರಾ, ಊಟ ಮಾಡಿದ್ರಾ ಎಂದು ವಿಚಾರಿಸುವುದು. ಸತೀಶ ಅದರ ಕಡೆ ಕೈ ಚಾಚಲಿಲ್ಲ.

"ನಿನ್ನೆ ನಾನು ಬಿಳಿಚೋಡಿಗೆ ಹೋಗಿದ್ದೆ," ಎಂದೆ.

ಅವನ ಕಣ್ಣು ಮೇಜಿಗೆ ಇಳಿಯಿತು.

ಬಿಳಿಚೋಡಿನಲ್ಲಿ ಮಾಲಾಳ ಅತ್ತೆ ಗಿಡ್ಡಮ್ಮ ಕುರಿಹಟ್ಟಿಯ ಮುಂದೆ ಕೂತು ಶೇಂಗಾ ಬಿಡಿಸುತ್ತಿದ್ದಳು. ಸಣ್ಣ ಮಾತ್ರೆಯೊಂದನ್ನು ಅಂಗೈ ಮೇಲೆ ಇಟ್ಟಾಗ ಆಕೆಗೆ ಎಲ್ಲಿಲ್ಲದ ಖುಷಿಯಾಯಿತು.

"ಇದು ನಂದೇ ಗುಳಿಗೆ! ಕಳೆದ ತಿಂಗಳು ಡಬ್ಬಿ ವಾಪಸ್ ಕೊಡುವಾಗ ನಾನೇ ಹಾಕಿ ಕೊಟ್ಟಿದ್ದೆ. ಸೇರ್ತಾ ನಿಮಗೆ?"

"ಯಾಕೆ ಹಾಕಿದ್ರಿ ಗಿಡ್ಡಮ್ಮ?"

"ಯಾಕೆ ಅಂದ್ರೆ? ಏಳು ವರ್ಸ ಗ್ವಾಡೆ ಕಡೆ ಮಖ ಮಾಡ್ಕೊಂಡು ಮಲಗಿದ್ದ ಸೊಸೆ ಈಗ ಎದ್ದು ಕುರಿ ಹಿಂದೆ ಹೋಗ್ತಾಳೆ. ಆಕೀನ ಎಬ್ಬಿಸಿದ ಡಬ್ಬಿ ಅದು. ಬರಿದು ಕೊಡಾಕೆ ನನಗೇನು ಬುದ್ಧಿ ಇಲ್ವಾ? ಬೆಲ್ಲ ಹಾಕಾನ ಅಂದ್ರೆ ಇರುವೆ ಮುತ್ತುತಾವೆ. ಮದ್ದಿನ ಡಬ್ಬಿಗೆ ಮದ್ದೇ ಸರಿ ಅಂತ ನನ್ನ ಸಕ್ಕರೆ ಗುಳಿಗೆ ಹಾಕಿದೆ. ಅದೂ ಸಕ್ಕರೆ ಗುಳಿಗೆ, ಇದೂ ಸಕ್ಕರೆ ಗುಳಿಗೆ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮ ಕಡೆ ಪಕ್ಕದ ಮನೆಯಿಂದ ಸಾರಿನ ಬಟ್ಟಲು ಬಂದರೆ ಅದು ಬರಿದಾಗಿ ವಾಪಸು ಹೋಗುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ. 'ಖಾಲಿ ಡಬ್ಬಿ ತಪ್ಪದೆ ಹಿಂದಿರುಗಿಸಿ' ಎಂದು ನಿಯಮ ಬರೆದ ದೊಡ್ಡ ಊರಿನ ದೊಡ್ಡ ಡಾಕ್ಟರುಗಳಿಗೆ ಗಿಡ್ಡಮ್ಮ ಗೊತ್ತಿರಲಿಲ್ಲ.

"ಎಷ್ಟು ಹಾಕಿದ್ರಿ?"

"ಐದು. ಒಳ್ಳೇದಕ್ಕೆ ಕೊಡುವಾಗ ಐದೇ ಕೊಡೋದು. ಆರು ಯಾರು ಕೊಡ್ತಾರೆ?"

ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಸತೀಶನ ಇಡ್ಲಿ ತಣ್ಣಗಾಗಿತ್ತು. ನಾನು ಗೋಡೆಯ ಕಡೆ ಬೆರಳು ತೋರಿಸಿದೆ. 'ವಾಪಸು ಬಂದ ಮಾತ್ರೆಗಳನ್ನು ಎಣಿಸಿ, ಬರೆದು, ಸುಡತಕ್ಕದ್ದು' ಎಂದು ದಪ್ಪಕ್ಷರದಲ್ಲಿ ಅಂಟಿಸಿತ್ತು. ಅಂಟಿಸಿದವನು ಅವನೇ.

"ಸುಟ್ಟೆಯಾ?"

"ಇಲ್ಲ."

"ಏನ್ ಮಾಡಿದೆ?"

"ಆ ಸಲ ಹೊಸ ಡಬ್ಬಿ ಬರಾಕೆ ಎಂಟು ದಿನ ಲೇಟಾತು ಮೇಡಂ. ಒಬ್ಬರಿಗೆ ಒಂದು ಹೊತ್ತು ಮಾತ್ರೆ ತಪ್ಪಿದ್ರೂ ಮೇಲಿಂದ ನನಗೇ ಬೈತಾರೆ. ವಾಪಸ್ ಬಂದ ಡಬ್ಬೀಲಿ ಉಳಿದಿದ್ದೆಲ್ಲ ಸೇರಿಸಿ ಅರವತ್ತು ಮಾಡಿ ರುದ್ರಮುನಿ ಅವರಿಗೆ ಕಳಿಸಿಬಿಟ್ಟೆ. ಮಾಲಾ ಡಬ್ಬೀಲಿ ಐದು ಇದ್ವು. ಸಣ್ಣವು ಅಂತ ಕಂಡ್ವು. ಮುರಿದಿರಬೇಕು ಅಂದ್ಕೊಂಡೆ."

"ಒಂದು ಡಬ್ಬೀಲಿ ಮದ್ದು, ಒಂದರಲ್ಲಿ ಹಿಟ್ಟು. ಎರಡನ್ನೂ ಕಲಸಿಬಿಟ್ಟೆ. ನಲವತ್ತು ಜನ ಒಂದು ವರ್ಷದಿಂದ ಬೆರಳು ಚುಚ್ಚಿಸ್ಕೊಂಡು, ದಿನಾ ಪುಸ್ತಕ ಬರೆದು, ನಮ್ಮ ಹಿಂದೆ ಬರೋರಿಗಾದ್ರೂ ದಾರಿ ಕಾಣಲಿ ಅಂತ ಬಂದಿದ್ವಿ. ನಮ್ಮನ್ನ ಏನಂತ ತಿಳ್ಕೊಂಡಿದ್ದೆ ಸತೀಶ? ಏನು ಕೊಟ್ರೂ ನುಂಗೋ ಹುಚ್ಚರು ಅಂತಲಾ?"

ಅವನು ಅತ್ತ. ಮೂವತ್ತನಾಲ್ಕು ವರ್ಷದ ಗಂಡಸು, ಮೀಸೆಯ ಮೇಲೆ ಕಣ್ಣೀರು ಇಳಿಸಿಕೊಂಡು ಅತ್ತ. ನನಗೆ ಕನಿಕರ ಬರಲಿಲ್ಲ. ಬಂದಿದ್ದರೆ ಬಂತೆಂದೇ ಹೇಳುತ್ತಿದ್ದೆ.

"ಐದೇ ಇದ್ವಾ?"

"ನನ್ನ ಮಕ್ಕಳಾಣೆ ಐದೇ. ರಿಜಿಸ್ಟರಲ್ಲೂ ಐತೆ, ನೋಡ್ರಿ."

ರಿಜಿಸ್ಟರಲ್ಲಿ ಇತ್ತು. ಜಗಳೂರು ಒಂಬತ್ತು, ಉಳಿದದ್ದು ಐದು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ, 'ಐದು ಹೊತ್ತು ಮಾತ್ರೆ ತಪ್ಪಿಸಿದ್ದಾಳೆ.' ಪಾಪ, ಒಂದು ಹೊತ್ತೂ ತಪ್ಪಿಸದ ಮಾಲಾಳ ಮೇಲೆ ಅಪವಾದ ಬೇರೆ.

ಪೇಪರಿನ ಮೇಲಿನ ಸಣ್ಣ ಮಾತ್ರೆಗಳನ್ನು ಇನ್ನೊಮ್ಮೆ ಎಣಿಸಿದೆ. ಹದಿಮೂರೇ. ಐದು ಹಾಕಿದ ಡಬ್ಬಿ ಅದು. ರುದ್ರಮುನಿ ಅದರಲ್ಲಿ ಕೆಲವನ್ನು ತಿಂದೂ ಇದ್ದ. ಆದರೂ ಹದಿಮೂರು ಉಳಿದಿದ್ದವು.

ಸತೀಶನ ತಪ್ಪು ದೊಡ್ಡದು, ಆದರೆ ರುದ್ರಮುನಿಯ ಸಾವು ಆ ತಪ್ಪಿನಲ್ಲಿ ಮುಗಿದಿರಲಿಲ್ಲ. ಡಬ್ಬಿ ಈ ಆಫೀಸು ಬಿಟ್ಟ ಮೇಲೆ ಯಾರೋ ಅದಕ್ಕೆ ಕೈ ಹಾಕಿದ್ದರು.

ಸತೀಶನಿಂದ ಎಲ್ಲವನ್ನೂ ಬರೆಸಿ, ಸಹಿ ಹಾಕಿಸಿಕೊಂಡೆ. ಅವನ ಬೀಗದ ಕೈಯನ್ನೂ ಇಸಿದುಕೊಂಡೆ. ಮೊಬೈಲನ್ನು ಮೇಜಿನ ಡ್ರಾಯರಿನಲ್ಲಿಟ್ಟು, ಬಾಗಿಲಿಗೆ ನನ್ನ ಕೈಯಾರೆ ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ, ಎರಡೂ ಕೀಲಿಯನ್ನು ಪರ್ಸಿಗೆ ಹಾಕಿಕೊಂಡೆ. ಇಪ್ಪತ್ತು ವರ್ಷ ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೆಬಲ್ ಆಗಿದ್ದವಳಿಗೆ ಈ ಅಭ್ಯಾಸಗಳು ಹೋಗುವುದಿಲ್ಲ.

*

ಹೊನ್ನಾಳಿಯ ನೇರ ಬಸ್ಸು ತಪ್ಪಿತು. ನ್ಯಾಮತಿಗೆ ಹೋಗಿ ಬಸ್ಸು ಬದಲಾಯಿಸಬೇಕಾಯಿತು. ಬಸ್‌ಸ್ಟ್ಯಾಂಡಿನ ಎದುರಿಗೆ ಬೆನಕಪ್ಪನ ಔಷಧಿ ಅಂಗಡಿ. ಅವನು ಸಣ್ಣ ಮಾತ್ರೆಯನ್ನು ಕನ್ನಡಕ ಮೇಲೇರಿಸಿ ನೋಡಿದ.

"ಇದು ಸಕ್ಕರೇನ ಜಗ್ಗಿ ಕೆಳಗೆ ಇಳಿಸೋ ಮಾತ್ರೆ. ನಿಮ್ಮ ಪ್ರಯೋಗದ್ದು ಅಂತೀರಲ್ಲ, ಅದು ಬೇರೆ ಜಾತಿ. ಬರೀ ಅದೊಂದನ್ನೇ ತಗೊಂಡ್ರೆ ಸಕ್ಕರೆ ಹಂಗೆ ಪಾತಾಳಕ್ಕೆ ಹೋಗಂಗಿಲ್ಲ."

ಆಂಬುಲೆನ್ಸಿನ ನರ್ಸು ಪುಷ್ಪಾ ಬರೆದುಕೊಟ್ಟಿದ್ದ ಚೀಟಿ ತೋರಿಸಿದೆ. ನೀರಿನಿಂದ ಎತ್ತಿದಾಗ ರುದ್ರಮುನಿಗೆ ಇನ್ನೂ ಉಸಿರಿತ್ತು. ಬೆರಳು ಚುಚ್ಚಿ ನೋಡಿದಾಗ ಸಕ್ಕರೆ ಮೂವತ್ತೊಂದು. ಆಸ್ಪತ್ರೆ ಸೇರುವ ಮೊದಲೇ ಉಸಿರು ಹೋಗಿತ್ತು.

"ಮೂವತ್ತೊಂದಾ?" ಬೆನಕಪ್ಪ ಕನ್ನಡಕ ತೆಗೆದ. "ಇಷ್ಟಿದ್ರೆ ನಿಂತೋರು ನಿಂತಲ್ಲೇ ಬೀಳ್ತಾರೆ ಕಣಮ್ಮ. ಉಪಾಸ ಇದ್ರಾ?"

"ಶ್ರಾವಣ ಸೋಮವಾರ."

"ಮತ್ತೆ ಹೊಳೆಗೆ ಹಾರಿದ ಅಂತ ಬರೆದೋರು ಯಾರು?"

ಅದೇ ನನ್ನ ಪ್ರಶ್ನೆಯೂ ಆಗಿತ್ತು. ಹನ್ನೊಂದು ದಿನದಲ್ಲಿ ಮೊದಲ ಸಲ ಇನ್ನೊಬ್ಬರು ಅದನ್ನು ಕೇಳಿದ್ದರು. ನನಗೆ ಅಂಗಡಿಯಲ್ಲೇ ಕಣ್ಣು ತುಂಬಿ ಬಂತು.

*

ಹೊನ್ನಾಳಿ ಮುಟ್ಟಿದಾಗ ಮೂರೂವರೆ. ಟೈಲರ್ ಅಂಗಡಿಯ ಹಿಂದೆಯೇ ಮನೆ. ನಿರ್ಮಲಮ್ಮ ಆಗ ತಾನೇ ತಟ್ಟೆ ಮುಂದೆ ಕೂತಿದ್ದಳು.

"ಬರ್ರಿ ಮೇಡಂ, ಊಟಕ್ಕೆ ಬರ್ರಿ."

"ನೀವು ಉಣ್ಣಿ. ನಂದಾಯ್ತು."

ಸುಳ್ಳು. ನನ್ನ ಹೊಟ್ಟೆ ಚುರುಗುಡುತ್ತಿತ್ತು. ಆದರೆ ಅಷ್ಟರಲ್ಲಿ ನನ್ನ ಕಣ್ಣು ಆಕೆಯ ಕೈ ಮೇಲೆ ನಿಂತುಬಿಟ್ಟಿತ್ತು. ತುತ್ತು ಎತ್ತುವ ಮೊದಲು ನಿರ್ಮಲಮ್ಮ ಹಾಳೆಯಿಂದ ಒಂದು ಮಾತ್ರೆ ಒಡೆದುಕೊಂಡಳು. ಸಣ್ಣದು, ದುಂಡನೆಯದು, ಬಿಳಿ. ಮಧ್ಯೆ ಒಂದು ಗೀಟು.

ಆಕೆಗೂ ಸಕ್ಕರೆ ಕಾಯಿಲೆ ಇದೆಯೆಂದು ನಾನು ಕೇಳಿಯೇ ಇರಲಿಲ್ಲ. ಅಳುವವರನ್ನು ಪ್ರಶ್ನೆ ಮಾಡಬಾರದು ಎಂಬ ಮರ್ಯಾದೆ ಇಟ್ಟುಕೊಂಡಿದ್ದೆ. ತನಿಖೆ ಮಾಡುವವರಿಗೆ ಆ ಮರ್ಯಾದೆ ಇರಬಾರದು. ಡಬ್ಬಿ ಕೊಟ್ಟ ದಿನವೇ ಕೇಳಬೇಕಿತ್ತು.

ಆಕೆ ಉಂಡು ಕೈ ತೊಳೆಯುವವರೆಗೆ ಕಾದೆ.

"ನಿರ್ಮಲಮ್ಮ, ಆ ಡಬ್ಬಿಗೆ ನಿಮ್ಮ ಮಾತ್ರೆ ಹಾಕಿದ್ರಾ?"

"ಹೂಂ. ಎರಡು ಹಾಳೆ. ಇಪ್ಪತ್ತು ಮಾತ್ರೆ." ಆಕೆ ಸೆರಗಿಗೆ ಕೈ ಒರೆಸಿಕೊಂಡಳು. ಮುಖದಲ್ಲಿ ಯಾವ ಅಂಜಿಕೆಯೂ ಇರಲಿಲ್ಲ. "ನೀವೇ ಹೇಳಿದ್ರಲ್ಲ."

"ನಾನಾ?"

"ನೀವೇ ಮೇಡಂ. ಮಂಗಳವಾರ ಫೋನ್ ಮಾಡಿದ್ರಲ್ಲ. ಡಬ್ಬೀಲಿ ಸಣ್ಣ ಮಾತ್ರೆ ಬಂದೈತೆ, ಅದೇ ಹೊಸ ಮದ್ದು, ಇನ್ಮೇಲೆ ದೊಡ್ಡದು ಬ್ಯಾಡ, ಸಣ್ಣದನ್ನೇ ದಿನಾ ಎರಡು ಹೊತ್ತು ಕೊಡ್ರಿ ಅಂದ್ರಿ. ಐದೇ ಐತಲ್ರೀ ಅಂದೆ. ನೀವು ತಗೊಳ್ಳೋದೂ ಅದೇ ಮಾತ್ರೆ ಅಲ್ವಾ, ಸದ್ಯಕ್ಕೆ ಅದನ್ನೇ ಹಾಕಿಡ್ರಿ, ಆಮೇಲೆ ಕಳಿಸ್ತೀನಿ ಅಂದ್ರಿ. ದನಿ ಸ್ವಲ್ಪ ನೆಗಡಿ ಆದಂಗಿತ್ತು."

ನಾನು ಮಂಗಳವಾರ ಯಾರಿಗೂ ಫೋನು ಮಾಡುವುದಿಲ್ಲ. ಅವತ್ತೂ ಮಾಡಿರಲಿಲ್ಲ.

"ಆಮೇಲೆ ಆ ವಾರವೆಲ್ಲ ಅವರಿಗೆ ಕೈ ನಡುಕ," ಎಂದಳು ನಿರ್ಮಲಮ್ಮ. "ಸೂಜಿಗೆ ದಾರ ಪೋಣಿಸಾಕೆ ಆಗ್ತಿರ್ಲಿಲ್ಲ. ಬೆವರು, ಹಸಿವು. ಏನಾದ್ರೂ ತಿಂದ್ರೆ ಸರಿ ಹೋಗ್ತಿತ್ತು. ಹೊಸ ಮದ್ದು, ಮೈಗೆ ಹೊಂದಬೇಕಲ್ಲ ಅಂತಿದ್ರು. ಶನಿವಾರ ನೀವು ಮಾತ್ರೆ ತಗೊಂಡ್ರಾ ಅಂತ ಕೇಳಿದಾಗಲೂ ಹೂಂ ಅಂದ್ರು, ಅಷ್ಟೇ. ಸೋಮವಾರ ಮಾತ್ರೆ ತಗೊಂಡ್ರು. ತಿನ್ನಲಿಲ್ಲ..."

ಅಲ್ಲಿಗೆ ಆಕೆಯ ಮಾತು ನಿಂತಿತು. ತಾನು ಹೇಳುತ್ತಿರುವುದು ಏನೆಂದು ಆಕೆಗೆ ಆಗ ತಿಳಿಯಿತು. ನಾನು ಹೇಳಬೇಕಾಗಲಿಲ್ಲ.

"ಮೇಡಂ. ನಾನೇ ಕೊಟ್ನಾ?"

"ನೀವಲ್ಲ. ನಿಮ್ಮ ಕೈಯಿಂದ ಇನ್ನೊಬ್ಬರು ಕೊಡಿಸಿದ್ರು."

ಆಕೆ ಗೋಡೆಗೆ ಒರಗಿ ಕೂತಳು. ಅಳಲಿಲ್ಲ. ಆಮೇಲೆ ಎದ್ದು ಅಂಗಡಿಗೆ ಹೋಗಿ, ಮಷಿನ್ನಿನ ಖಾನೆಯಿಂದ ರುದ್ರಮುನಿಯ ಅಳತೆ ಪುಸ್ತಕ ತಂದು ನನ್ನ ತೊಡೆಯ ಮೇಲಿಟ್ಟಳು. ಗಿರಾಕಿಗಳ ಎದೆ, ಸೊಂಟ, ತೋಳಿನ ಅಳತೆ ಬರೆದಿಡುವ ಉದ್ದನೆಯ ಪುಸ್ತಕ.

"ಎಲ್ಲಾ ಇದರಲ್ಲೇ ಬರೀತಿದ್ರು. ನೋಡ್ರಿ."

ಕೊನೆಯ ಹಾಳೆ. ರುದ್ರಮುನಿಯ ಅಕ್ಷರ ಅವನ ಹೊಲಿಗೆಯಷ್ಟೇ ನೇರ.

'ಸಣ್ಣ ಮಾತ್ರೆ ಐದು ಬಂದಿವೆ. ಶನಿವಾರ ಕೇಳಬೇಕು.'

ಅದರ ಕೆಳಗೆ, 'ಮಂಗಳವಾರ. ಪ್ರಮೀಳಾ ಮೇಡಂ ಫೋನ್ ಮಾಡಿದ್ದರು. ಸಣ್ಣದೇ ಸರಿ ಅಂತೆ.'

ಅದರ ಕೆಳಗೆ, ಸೋಮವಾರ ಬೆಳಿಗ್ಗೆಯ ತಾರೀಖು ಹಾಕಿ, 'ಹೇಮಾವತಿ ಟೀಚರ್ ಬ್ಲೌಸು ಮೂರು, ಬುಧವಾರ ಕೊಡಬೇಕು. ತೋಳಿಗೆ ಬಟ್ಟೆ ಸಾಲದು, ಕೇಳಿ ಕತ್ತರಿಸುವುದು.'

ಸಾಯಲು ಹೊರಟವನು ಬುಧವಾರಕ್ಕೆ ತೋಳಿನ ಬಟ್ಟೆಯ ಚಿಂತೆ ಮಾಡುವುದಿಲ್ಲ. ಈ ಹಾಳೆಯೊಂದು ಸಾಕು, ಆ ಎರಡು ಪದಗಳನ್ನು ಹೊಡೆದು ಹಾಕಲು. ಆದರೆ ಅದೇ ಹಾಳೆಯಲ್ಲಿ ನನ್ನ ಹೆಸರಿತ್ತು, ಸತ್ತವನ ಕೈಬರಹದಲ್ಲಿ.

ನಿರ್ಮಲಮ್ಮನ ಫೋನು ಇಸಿದುಕೊಂಡು ನೋಡಿದೆ. ಆ ಮಂಗಳವಾರ, ಹನ್ನೊಂದು ಇಪ್ಪತ್ತಕ್ಕೆ, 'ಪ್ರಮೀಳಾ ಮೇಡಂ' ಎಂದು ಆಕೆ ಹೆಸರು ಹಾಕಿಕೊಂಡಿದ್ದ ನಂಬರಿನಿಂದ ಕರೆ. ಹೆಸರು ಒತ್ತಿ ನಂಬರು ನೋಡಿದೆ. ಚನ್ನಗಿರಿ ಆಫೀಸಿನ ಮೊಬೈಲು.

ನಾಲ್ಕೂವರೆ ದಾಟಿತ್ತು. ನಿರ್ಮಲಮ್ಮ ನನ್ನನ್ನೇ ನೋಡುತ್ತಿದ್ದಳು.

"ನೀವು ಮಾಡಿದ ಫೋನ್ ಅಲ್ಲ ಅಂತೀರಾ?"

"ಅಲ್ಲ."

"ಹಂಗಾದ್ರೆ ಆ ಹಾಳೆ ಕೊಟ್ರೆ ನಿಮ್ಮನ್ನ ಹಿಡೀತಾರೆ. ನನ್ನನ್ನೂ ಹಿಡೀತಾರೆ." ಆಕೆ ಚಪ್ಪಲಿ ಮೆಟ್ಟಿದಳು. "ಹಿಡೀಲಿ. ನನ್ನ ಗಂಡ ಸಾಯಾಕೆ ಹೋಗಿರ್ಲಿಲ್ಲ. ಅಷ್ಟು ಬರೀಲಿ, ಆಮೇಲೆ ಏನ್ ಬೇಕಾದ್ರೂ ಆಗ್ಲಿ. ನಡೀರಿ."

*

ಸಿದ್ದಲಿಂಗೇಶ್ ವರದಿಯನ್ನು ಕವರಿಗೆ ಹಾಕುತ್ತಿದ್ದ. ಹೊಸದಾಗಿ ಕೆಲಸಕ್ಕೆ ಬಂದಾಗ ಅವನಿಗೆ ಪಂಚನಾಮೆ ಬರೆಯುವುದನ್ನು ಕಲಿಸಿದವಳು ನಾನು. ಈಗಲೂ ಅಕ್ಕಾ ಎನ್ನುತ್ತಾನೆ, ಆದರೆ ಮಾತಾಡುವಾಗ ಕಣ್ಣಿಗೆ ಕಣ್ಣು ಕೊಡುವುದಿಲ್ಲ.

ಡಬ್ಬಿ, ಸತೀಶನ ಹೇಳಿಕೆ, ನರ್ಸಿನ ಚೀಟಿ, ಅಳತೆ ಪುಸ್ತಕ, ನಿರ್ಮಲಮ್ಮನ ಫೋನು. ಎಲ್ಲವನ್ನೂ ಮೇಜಿನ ಮೇಲಿಟ್ಟು ಮೊದಲಿನಿಂದ ಹೇಳಿದೆ. ಅವನು ಪೂರ್ತಿ ಓದಿದ. ಕವರಿನಿಂದ ವರದಿ ಹೊರಗೆ ತೆಗೆದ.

"ಅಕ್ಕಾ, ಇದರಲ್ಲಿ ನಿಮ್ಮ ಹೆಸರೈತೆ."

"ಓದಿದೀನಿ."

"ಅವತ್ತು ಹನ್ನೊಂದು ಇಪ್ಪತ್ತಕ್ಕೆ ಎಲ್ಲಿದ್ರಿ?"

"ಮನೇಲಿ. ಹಾಸಿಗೆ ಬಟ್ಟೆ ಒಗೀತಿದ್ದೆ. ಒಬ್ಬಳೇ."

"ಸತೀಶ್ ಕುಮಾರ್?"

"ಜಗಳೂರು ಕ್ಯಾಂಪಲ್ಲಿದ್ದ. ಈಗ ದಾರೀಲಿ ಬರ್ತಾ ಅಲ್ಲಿಯೋರಿಗೆ ಫೋನ್ ಮಾಡಿ ವಿಚಾರಿಸಿದೀನಿ. ಬೆಳಿಗ್ಗೆ ಹತ್ತರಿಂದ ಎರಡರ ತನಕ ಹನ್ನೆರಡು ಜನ ಅವನನ್ನ ನೋಡ್ಯಾರೆ."

"ಆಫೀಸಿನ ಬೀಗದ ಕೈ?"

"ಎರಡೇ ಇರೋದು." ಪರ್ಸಿನಿಂದ ಎರಡನ್ನೂ ತೆಗೆದು ಅವನ ಮುಂದಿಟ್ಟೆ. "ಒಂದು ಅವನದು. ಒಂದು ನಂದು."

ಅವನು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದ.

"ಅಕ್ಕಾ, ನನ್ನ ಮಾತು ಕೇಳ್ರಿ. ಅವತ್ತು ನಿಮಗೆ ಹುಷಾರಿರಲಿಲ್ಲ. ಏನೋ ಮಾಡಿದ್ರಿ, ಮರೆತ್ರಿ. ಕಾಯಿಲೆ ಅಂತ ನಾನು ಬರ್ಕೋತೀನಿ, ಡಾಕ್ಟರ್ ಸರ್ಟಿಫಿಕೇಟ್ ಐತೆ. ನಿಮಗೆ ಏನೂ ಆಗದಂಗೆ ನೋಡ್ಕೋತೀನಿ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ, ಅದು ನನಗೆ ಗೊತ್ತು. ಹೂಂ ಎಂದಿದ್ದರೆ ನಾನು ಮನೆಗೆ ಹೋಗಿ ಮಲಗಬಹುದಿತ್ತು. ಒಂಬತ್ತು ವರ್ಷ ಮಲಗಿದ್ದೆನಲ್ಲ, ಹಾಗೆಯೇ.

ನೋಟ್‌ಬುಕ್ಕು ತೆಗೆದು ಆ ಮಂಗಳವಾರದ ಹಾಳೆ ಬಿಚ್ಚಿದೆ. ಅಂಕ ಆರು. ನಿದ್ದೆ ಏಳೂವರೆ. ಹಾಸಿಗೆ ಬಟ್ಟೆ ಒಗೆದೆ, ಸೊಂಟ ನೋವು.

"ನಾನು ಮರೆತಿಲ್ಲ ಸಿದ್ದಲಿಂಗೇಶ. ನಾನು ಮಾಡಿಲ್ಲ. ಕಾಯಿಲೆ ನಂದು, ತಲೆಯೂ ನಂದೇ. ರುದ್ರಮುನಿಗೆ ಹುಚ್ಚು ಅಂತ ಬರೆಯಾಕೆ ಬಿಡದೋಳು ನನಗೆ ಬರೆಯಾಕೆ ಬಿಡ್ತೀನಾ? ಆ ಆತ್ಮಹತ್ಯೆ ಅನ್ನೋದು ಹೊಡೆದು ಹಾಕು. ಕೊಲೆ ಅಂತ ಬರಿ. ಅನುಮಾನ ಯಾರ ಮೇಲೆ ಅನ್ನೋ ಜಾಗದಲ್ಲಿ ಪ್ರಮೀಳಾ ಅಂತ ಬರಿ. ಬುದ್ಧಿ ಸ್ಥಿಮಿತದಲ್ಲಿರೋ ಪ್ರಮೀಳಾ ಅಂತ ಬರಿ."

ಅವನು ಪೆನ್ನು ಹಿಡಿದು ಕೂತ. ನಿರ್ಮಲಮ್ಮ ನನ್ನ ಪಕ್ಕದ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. ಕೊನೆಗೆ ಸಿದ್ದಲಿಂಗೇಶ್ ವರದಿಯ ಆ ಸಾಲಿನ ಮೇಲೆ ಒಂದು ಗೆರೆ ಎಳೆದ. ನಿರ್ಮಲಮ್ಮ ಆ ಗೆರೆಯನ್ನು ನೋಡಿ, ಹನ್ನೊಂದು ದಿನ ಹಿಡಿದಿಟ್ಟ ಉಸಿರನ್ನು ಬಿಟ್ಟಳು.

ಅವನು ನನ್ನ ಹೆಸರಿನ ಮೊದಲ ಅಕ್ಷರ ಬರೆಯುತ್ತಿದ್ದಾಗ ಮೇಜಿನ ಮೇಲಿದ್ದ ನಿರ್ಮಲಮ್ಮನ ಫೋನು ಹೊಡೆದುಕೊಂಡಿತು.

ಮೂವರೂ ಬಗ್ಗಿ ನೋಡಿದೆವು. ತೆರೆಯ ಮೇಲೆ 'ಪ್ರಮೀಳಾ ಮೇಡಂ' ಎಂದು ಬರುತ್ತಿತ್ತು.

ಸಿದ್ದಲಿಂಗೇಶ್ ನನ್ನ ಕಡೆ ತಿರುಗಿದ. ನನ್ನ ಎರಡೂ ಕೈ ಮೇಜಿನ ಮೇಲಿದ್ದವು. ಎರಡೂ ಬೀಗದ ಕೈ ಅವುಗಳ ಪಕ್ಕದಲ್ಲೇ ಇದ್ದವು. ಬೆಳಿಗ್ಗೆ ಡ್ರಾಯರಿನಲ್ಲಿ ಇಟ್ಟು, ಬೀಗ ಹಾಕಿ, ಜಗ್ಗಿ ನೋಡಿ ಬಂದಿದ್ದ ಫೋನು ಅದು.

ಅವನು ಕಣ್ಣಲ್ಲೇ ಸನ್ನೆ ಮಾಡಿದ. ನಿರ್ಮಲಮ್ಮ ಸ್ಪೀಕರ್ ಒತ್ತಿದಳು.

"ನಿರ್ಮಲಮ್ಮಾರಾ?" ನೆಗಡಿ ಕಟ್ಟಿದ ಹೆಣ್ಣು ದನಿ. "ನಾನು ಪ್ರಮೀಳಾ ಮಾತಾಡ್ತಿರೋದು. ಆ ಡಬ್ಬಿ ಇನ್ನೂ ನಿಮ್ಮ ಮನೇಲೇ ಐತಾ?"